150 ಸಿಸಿ ಬೈಕಿಗೆ ಏನು ಹಾಕಿಸಿದರೆ ಲಾಭ? ಒಂದು ಗಾಡಿಯ ಪೂರ್ತಿ ಲೆಕ್ಕ

ಗಾಡಿ 150 ಸಿಸಿಯದು. ಗಾಳಿಯಲ್ಲೇ ತಣ್ಣಗಾಗುವ ಒಂಟಿ ಸಿಲಿಂಡರ್ ಎಂಜಿನ್, ಎರಡು ವಾಲ್ವ್, ಕಾರ್ಬುರೇಟರ್, ಐದು ಗೇರ್. 8500 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 14 ಹೆಚ್‌ಪಿ ಅಂತ ಅದರ ಪುಸ್ತಕದಲ್ಲಿದೆ. ಪರಿಚಯದ ಹುಡುಗನೊಬ್ಬ ದಿನಾ ತಂಗಿಯನ್ನು ಹಿಂದೆ ಕೂರಿಸಿಕೊಂಡು ಇದರಲ್ಲಿ ಓಡಾಡುತ್ತಾನೆ. ದಾರಿಯಲ್ಲಿ ಒಂದು ಉದ್ದನೆಯ ಏರು. ಅವನ ದೂರು ಇಷ್ಟೇ: "ಅಣ್ಣಾ, ಗಾಡಿ ಎಳೆಯೋದೇ ಇಲ್ಲ."

ದೂರಿನ ಜೊತೆ ಒಂದು ಪಟ್ಟಿಯೂ ಬಂತು. ಹೊಗೆಗೆ ತಡೆ ಕಡಿಮೆ ಇರುವ ಫ್ರೀ ಫ್ಲೋ ಸೈಲೆನ್ಸರ್. ಏರ್ ಬಾಕ್ಸ್ ಕಿತ್ತು ಕಾರ್ಬುರೇಟರಿಗೆ ನೇರ ಸಿಕ್ಕಿಸುವ ಕೋನ್ ಫಿಲ್ಟರ್. ಇರಿಡಿಯಂ ಪ್ಲಗ್. ಆರ್‌ಪಿಎಂ ಮಿತಿ ಎತ್ತಿದ ಸಿಡಿಐ, ಅಂದರೆ ಪ್ಲಗ್ಗಿಗೆ ಕಿಡಿ ಕಳಿಸುವ ಎಲೆಕ್ಟ್ರಾನಿಕ್ ಡಬ್ಬ. ಸಿಲಿಂಡರಿನ ಒಳ ಅಗಲ (ಬೋರ್) ಹೆಚ್ಚಿಸುವ 62 ಮಿಮೀ ಬೋರ್ ಕಿಟ್. ಹಿಂದಕ್ಕೆ ದಪ್ಪ ಟೈರ್. ಎಲ್ಲ ಸೇರಿಸಿದರೆ ಹಳೆಯ ಇನ್ನೊಂದು ಬೈಕಿನ ದುಡ್ಡು. ಯಾವುದನ್ನು ಮೊದಲು ಹಾಕಿಸಲಿ ಅನ್ನೋದು ಅವನ ಪ್ರಶ್ನೆ.

"ಎಲ್ಲಿ ಎಳೆಯೋದಿಲ್ಲ?" ಅಂತ ಕೇಳಿದೆ.

"ಎಲ್ಲಾ ಕಡೆ."

ಈ ಉತ್ತರ ಹಿಡಿದುಕೊಂಡು ಮುಂದೆ ಹೋಗೋಕೆ ಆಗಲ್ಲ. ಯಾವ ಗೇರ್, ಯಾವ ಸ್ಪೀಡ್, ಹಿಂದೆ ಯಾರಾದರೂ ಕೂತಿದ್ದರಾ, ಥ್ರಾಟಲ್ ಎಷ್ಟು ತಿರುಗಿತ್ತು, ಇಷ್ಟನ್ನು ಗಮನಿಸಿಕೊಂಡು ಬಾ ಅಂತ ಕಳಿಸಿದೆ. ವಾಪಸ್ ಬಂದಾಗ ಚಿತ್ರ ಬೇರೆಯೇ ಇತ್ತು. ಒಬ್ಬನೇ ಇದ್ದಾಗ ಏನೂ ತೊಂದರೆ ಇಲ್ಲ. ಇಬ್ಬರಿದ್ದು, ಏರಿನಲ್ಲಿ, ಐದನೇ ಗೇರಿನಲ್ಲಿ, 60ರ ಆಸುಪಾಸಿನಲ್ಲಿ ಗಾಡಿ ಸೋಲುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟರೂ ಮುಳ್ಳು ಮೆಲ್ಲಗೆ ಇಳಿಯುತ್ತದೆ. ಇನ್ನೊಂದು ಜಾಗ, ಲಾರಿ ದಾಟುವಾಗ. 40ರಿಂದ 70ಕ್ಕೆ ಏರಲು ತುಂಬ ಹೊತ್ತು ಬೇಕು. ತಂಗಿಯ ಮಾತಲ್ಲಿ ಹೇಳಬೇಕೆಂದರೆ "ಲಾರಿ ಹೊಗೆ ಕುಡ್ಕೊಂಡೇ ಹೋಗ್ತೀವಿ." 85ರ ಮೇಲೆ ಅವನು ಓಡಿಸಿದ್ದೇ ಇಲ್ಲ. ಆ ರಸ್ತೆಯಲ್ಲಿ ಅದಕ್ಕೆ ಜಾಗವೂ ಇಲ್ಲ.

ಇಷ್ಟು ಗೊತ್ತಾದ ಮೇಲೆ ಪಟ್ಟಿಯ ಅರ್ಧ ತಾನಾಗಿಯೇ ಬಿದ್ದುಹೋಯಿತು. ಐದನೇ ಗೇರಿನಲ್ಲಿ 60 ಕಿಮೀ ಅಂದರೆ ಈ ಗಾಡಿಯ ಎಂಜಿನ್ ಸುಮಾರು 4800 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ. ಸೈಲೆನ್ಸರ್, ಫಿಲ್ಟರ್, ಸಿಡಿಐ ಏನಾದರೂ ಕೊಟ್ಟರೆ ಅದು 7000ದ ಮೇಲೆ. ಅವನು ಬದುಕುತ್ತಿರುವುದು 4000ದಿಂದ 6500ರ ನಡುವೆ. ಡಬ್ಬದ ಮೇಲೆ ಬರೆದ ಹೆಚ್‌ಪಿ ಎಷ್ಟೇ ಇರಲಿ, ಅದು ಇವನು ಹೋಗದ ಜಾಗದ ಹೆಚ್‌ಪಿ.

ಮೊದಲು ಸೋರಿಹೋಗುತ್ತಿದ್ದದ್ದು

ಹೊಸದಾಗಿ ಏನಾದರೂ ಹಾಕುವ ಮುಂಚೆ, ಇರೋದು ಪೂರ್ತಿ ಚಕ್ರಕ್ಕೆ ತಲುಪುತ್ತಿದೆಯಾ ಅಂತ ನೋಡಬೇಕಿತ್ತು. ಮೇನ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದೆ. ಅರ್ಧ ಸುತ್ತು ಬಂದು ನಿಂತಿತು. ಡ್ರಮ್ಮಿನ ಒಳಗಿಂದ ಉಜ್ಜುವ ಸದ್ದು. ಬ್ರೇಕ್ ಸರಿಯಾಗಿ ಹಿಡಿಯಲ್ಲ ಅಂತ ಯಾರೋ ರಾಡಿನ ತುದಿಯ ನಟ್ಟನ್ನು ಬಿಗಿ ಮಾಡುತ್ತಾ ಹೋಗಿದ್ದರು. ಪೆಡಲ್ ಮುಟ್ಟದಿದ್ದರೂ ಶೂ ಡ್ರಮ್ಮಿಗೆ ತಾಗುತ್ತಿತ್ತು.

ಇದು ಎಷ್ಟು ತಿನ್ನುತ್ತದೆ? ಬ್ರೇಕ್ 20 ನ್ಯೂಟನ್‌ನಷ್ಟು, ಅಂದರೆ ಎರಡು ಕಿಲೋ ತೂಗುಬಿಟ್ಟಷ್ಟು ಬಲದಿಂದ ಹಿಂದಕ್ಕೆ ಹಿಡಿದಿದೆ ಅಂತಿಟ್ಟುಕೊಳ್ಳಿ. 60 ಕಿಮೀ ವೇಗದಲ್ಲಿ ಅದಕ್ಕೆ 330 ವ್ಯಾಟ್ ಹೋಗುತ್ತದೆ. ಹತ್ತಿರ ಹತ್ತಿರ ಅರ್ಧ ಹೆಚ್‌ಪಿ. ಈ ಅರ್ಧ ಹೆಚ್‌ಪಿಯನ್ನು ಎಂಜಿನ್ನಿನಿಂದ ಹೊಸದಾಗಿ ಹುಟ್ಟಿಸಬೇಕಾದರೆ ಸೈಲೆನ್ಸರ್, ಜೆಟ್ಟು (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಅಂತ ಒದ್ದಾಡಬೇಕು. ಇಲ್ಲಿ ನಟ್ಟನ್ನು ಹಿಂದಕ್ಕೆ ತಿರುಗಿಸಿದರೆ ಸಾಕಿತ್ತು. ಆದರೆ ಬರೀ ಸಡಿಲ ಮಾಡಿ ಬಿಡುವ ಹಾಗೂ ಇರಲಿಲ್ಲ. ಬ್ರೇಕ್ ಹಿಡಿಯದೆ ಇದ್ದದ್ದಕ್ಕೇ ತಾನೇ ಬಿಗಿ ಮಾಡಿದ್ದು? ಬಿಚ್ಚಿ ನೋಡಿದರೆ ಶೂ ಸವೆದು ಹೊಳೆಯುತ್ತಿತ್ತು, ಶೂವನ್ನು ಅಗಲಿಸುವ ಕ್ಯಾಮ್ ಒಣಗಿ ಕಚ್ಚಿಕೊಂಡಿತ್ತು. ಶೂ ಹೊಸದು ಹಾಕಿ, ಕ್ಯಾಮಿಗೆ ತೆಳ್ಳಗೆ ಗ್ರೀಸ್ ಸವರಿದ ಮೇಲೆ ಚಕ್ರ ಆರಾಮಾಗಿ ತಿರುಗಿತು, ಬ್ರೇಕೂ ಹಿಡಿಯಿತು.

ಚೈನ್ ಇನ್ನೊಂದು ಕಥೆ. ಮಧ್ಯದಲ್ಲಿ 20ರಿಂದ 30 ಮಿಮೀ ಆಟ ಇರಬೇಕು ಅಂತ ಗಾಡಿಯ ಪುಸ್ತಕ ಹೇಳುತ್ತದೆ. ಚಕ್ರ ತಿರುಗಿಸುತ್ತಾ ನೋಡಿದರೆ ಒಂದು ಕಡೆ ತಂತಿಯ ಹಾಗೆ ಬಿಗಿ, ಇನ್ನೊಂದು ಕಡೆ ಜೋತು ಬೀಳುತ್ತಿತ್ತು. ಕೆಲವು ಕೊಂಡಿಗಳು ತುಕ್ಕು ಹಿಡಿದು ಮಡಚುತ್ತಲೇ ಇರಲಿಲ್ಲ. ಇದನ್ನು ಅಡ್ಜಸ್ಟ್ ಮಾಡೋಕೆ ಬರಲ್ಲ, ಬದಲಿಸಲೇಬೇಕು. ಆದರೆ ಕೂಡಲೇ ಬದಲಿಸಲಿಲ್ಲ, ಕಾರಣ ಮುಂದೆ ಬರುತ್ತದೆ.

ಆಮೇಲೆ ಟ್ಯಾಪೆಟ್, ಅಂದರೆ ವಾಲ್ವನ್ನು ಒತ್ತಿ ತೆರೆಯುವ ತುದಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕವರ್ ಬಿಚ್ಚಿ, ಫ್ಲೈವೀಲಿನ ಟಿ ಗುರುತನ್ನು ಕಂಪ್ರೆಷನ್ ಸ್ಟ್ರೋಕಿಗೆ ತಂದು, ಫೀಲರ್ ಗೇಜ್ ತೂರಿಸಿ ನೋಡಿದೆ. ಈ ಎಂಜಿನ್ನಿಗೆ ಎಕ್ಸಾಸ್ಟ್ ಕಡೆ 0.12 ಮಿಮೀ ಸಂದು ಬೇಕು. 0.05ರ ಎಲೆ ಕೂಡ ಒಳಗೆ ಹೋಗಲಿಲ್ಲ. ಟ್ಯಾಪೆಟ್ ಸದ್ದು ಮಾಡಿದರೆ ಎಲ್ಲರೂ ಗ್ಯಾರೇಜಿಗೆ ಓಡುತ್ತಾರೆ. ಬಿಗಿಯಾದ ಟ್ಯಾಪೆಟ್ ಸದ್ದೇ ಮಾಡುವುದಿಲ್ಲ, ಅದಕ್ಕೇ ಅದು ಅಪಾಯ. ಎಂಜಿನ್ ಬಿಸಿಯಾದಾಗ ವಾಲ್ವ್ ಉದ್ದವಾಗುತ್ತದೆ. ಸಂದು ಇಲ್ಲದಿದ್ದರೆ ಅದು ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಕಂಪ್ರೆಷನ್ ಸೋರುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಕಳೆದುಕೊಳ್ಳುವುದೇ ಹೆಚ್ಚಾಗಿ ಆ ಸೀಟಿನ ಮೂಲಕ. ಅಲ್ಲಿ ಕೂರದಿದ್ದರೆ ಕೊನೆಗೆ ವಾಲ್ವೇ ಸುಡುತ್ತದೆ. "ಬೆಳಿಗ್ಗೆ ಚೆನ್ನಾಗಿರುತ್ತೆ, ಬಿಸಿಯಾದ ಮೇಲೆ ಸೋಲುತ್ತೆ" ಅಂತ ಅವನು ಹೇಳಿದ್ದ. ಅದಕ್ಕೆ ಅರ್ಥ ಸಿಕ್ಕಿದ್ದು ಇಲ್ಲಿ.

ಏರ್ ಫಿಲ್ಟರ್ ಕಾಗದ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಬದಲಿಸಿದೆವು. ಪ್ಲಗ್ಗಿನ ಗ್ಯಾಪ್ ಒಂದು ಮಿಮೀ ದಾಟಿತ್ತು. ಅದೇ ಹೀಟ್ ರೇಂಜಿನ ಮಾಮೂಲಿ ಪ್ಲಗ್ ಹೊಸದು ಬಂತು. ಟೈರಿನ ಗಾಳಿ ಇಬ್ಬರು ಕೂರುವ ಲೆಕ್ಕಕ್ಕೆ ಏರಿತು. ಕ್ಲಚ್ ಜಾರುತ್ತಿರಲಿಲ್ಲ. ನಾಲ್ಕನೇ ಗೇರಿನಲ್ಲಿ ಏರಿನ ಮೇಲೆ ಥ್ರಾಟಲ್ ಒಮ್ಮೆಗೇ ತೆರೆದರೂ ವೇಗ ಏರದೆ ಆರ್‌ಪಿಎಂ ಮಾತ್ರ ಜಿಗಿದು ಹೋಗಲಿಲ್ಲ.

ಇದೆಲ್ಲ ಮಾಡುವ ಮುಂಚೆಯೇ ಒಂದು ಅಳತೆ ಇಟ್ಟುಕೊಂಡಿದ್ದೆವು. ಸಮತಟ್ಟಾದ ಖಾಲಿ ರಸ್ತೆ, ತಂಗಿ ಹಿಂದೆ, ಟ್ಯಾಂಕ್ ಅರ್ಧ, ನಾಲ್ಕನೇ ಗೇರ್, 40ರಿಂದ 70 ಕಿಮೀಗೆ ಎಷ್ಟು ಸೆಕೆಂಡ್ ಅಂತ ಫೋನಿನ ಜಿಪಿಎಸ್‌ನಲ್ಲಿ ನೋಡೋದು. ಗಾಡಿಯ ಸ್ಪೀಡೋಮೀಟರನ್ನು ನಂಬಬಾರದು, ಅದು ಸಾಮಾನ್ಯವಾಗಿ ಜಾಸ್ತಿಯೇ ತೋರಿಸುತ್ತದೆ. ಗಾಳಿಯ ಲೆಕ್ಕ ತಪ್ಪಬಾರದು ಅಂತ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಬೇಕು. ಮೊದಲು ಸುಮಾರು 13 ಸೆಕೆಂಡ್ ಬಂದಿತ್ತು. ಈ ರಿಪೇರಿಗಳಾದ ಮೇಲೆ 11. ಪಟ್ಟಿಯಲ್ಲಿದ್ದ ಒಂದೂ ಸಾಮಾನು ಇನ್ನೂ ಬಂದಿರಲಿಲ್ಲ.

ಏರಿನ ಲೆಕ್ಕ

ಪಿಕಪ್ ಬಂತು, ಆದರೆ ಏರಿನಲ್ಲಿ ಐದನೇ ಗೇರ್ ಇನ್ನೂ ನಿಲ್ಲುತ್ತಿರಲಿಲ್ಲ. ಯಾಕೆ ಅಂತ ಕೂತು ಲೆಕ್ಕ ಹಾಕಿದೆವು. ಗಾಡಿ 145 ಕಿಲೋ, ಇವನು 70, ತಂಗಿ 60. ಒಟ್ಟು 275. ಏರು ನೂರು ಮೀಟರಿಗೆ ಆರು ಮೀಟರ್ ಎತ್ತರ. ಅದನ್ನು ಹತ್ತಲು ಬೇಕಾದ ಬಲ 162 ನ್ಯೂಟನ್. ನೆಟ್ಟಗೆ ಕೂತ ಇಬ್ಬರಿಗೆ 60ರಲ್ಲಿ ಗಾಳಿಯ ತಡೆ ಸುಮಾರು 100. ಟೈರು, ಬೇರಿಂಗ್ ಎಲ್ಲ ಸೇರಿ 54. ಕೂಡಿಸಿದರೆ 316 ನ್ಯೂಟನ್.

ಈಗ ಎಂಜಿನ್ ಎಷ್ಟು ಕೊಡುತ್ತದೆ? ಇದರ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 12.5 ನ್ಯೂಟನ್ ಮೀಟರ್, 6000ದ ಸುತ್ತಮುತ್ತ. 4800ರಲ್ಲಿ 11.5 ಅಂತ ಹಿಡಿಯೋಣ. ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಗೇರಿನ ಅನುಪಾತ 3.35, ಐದನೇ ಗೇರ್ 0.917, ಚೈನ್ ಸುತ್ತುವ ಹಲ್ಲಿನ ಚಕ್ರ (ಸ್ಪ್ರಾಕೆಟ್) ಮುಂದೆ 14 ಹಲ್ಲು ಹಿಂದೆ 42 ಹಲ್ಲಿನದು ಅಂದರೆ 3.0. ಎಲ್ಲ ಗುಣಿಸಿದರೆ 9.2. ದಾರಿಯಲ್ಲಿ ಗೇರು, ಚೈನು ತಿನ್ನುವುದು ಶೇಕಡಾ 15 ಅಂತ ಕಳೆದು, ಚಕ್ರದ ಅರ್ಧ ವ್ಯಾಸ 0.306 ಮೀಟರಿನಿಂದ ಭಾಗಿಸಿದರೆ ನೆಲಕ್ಕೆ ತಲುಪುವುದು 294 ನ್ಯೂಟನ್. ಬೇಕಾದದ್ದು 316. ಕೊರತೆ 22. ಅಷ್ಟೇ. ಅಂದಾಜಿನ ಸಂಖ್ಯೆಗಳು ಇವು, ಒಂದೆರಡು ನ್ಯೂಟನ್ ಆಚೀಚೆ ಆಗಬಹುದು. ಆದರೆ ಕೊರತೆ ಇಷ್ಟು ಚಿಕ್ಕದು ಅನ್ನೋದು ನೋಡಿದಾಗ ಅವನಿಗೇ ಆಶ್ಚರ್ಯವಾಯಿತು. ಐದಾರು ಹೆಚ್‌ಪಿ ಬೇಕು ಅಂದುಕೊಂಡು ಬಂದಿದ್ದ.

ಅದೇ ವೇಗದಲ್ಲಿ ನಾಲ್ಕನೇ ಗೇರಿಗೆ ಇಳಿಸಿದರೆ ಎಂಜಿನ್ 5750ಕ್ಕೆ ಬರುತ್ತದೆ. ನೆಲಕ್ಕೆ 380 ನ್ಯೂಟನ್ ಸಿಗುತ್ತದೆ. ಏರು ಹತ್ತಿ ಇನ್ನೂ ಉಳಿಯುತ್ತದೆ. ಅಂದರೆ ಅವನ ಸಮಸ್ಯೆಯ ದೊಡ್ಡ ಪಾಲಿಗೆ ಪರಿಹಾರ ಎಡಗಾಲಿನಲ್ಲೇ ಇತ್ತು! ಯಾಕೆ ಗೇರ್ ಇಳಿಸಲ್ಲ ಅಂತ ಕೇಳಿದರೆ "ಎಂಜಿನ್ ಜಾಸ್ತಿ ಕೂಗಿದರೆ ಬೋರಿಗೆ ಬರುತ್ತೆ ಅಲ್ವಾ ಅಣ್ಣಾ?" ಅಂದ. ಬೋರಿಗೆ ಬರೋದು ಅಂದರೆ ಸಿಲಿಂಡರ್ ಸವೆದು ಮತ್ತೆ ಕೊರೆಸಬೇಕಾಗೋದು. ಇದು ಬಹಳ ಜನರ ನಂಬಿಕೆ. 9500ರವರೆಗೆ ತಿರುಗಲೆಂದೇ ಮಾಡಿದ ಎಂಜಿನ್ನಿಗೆ 5750 ಅಂದರೆ ಸಲೀಸು. ಕಷ್ಟ ಆಗುವುದು ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಗುದ್ದಾಡಿಸಿದಾಗ. ಬಿಸಿ ಏರುತ್ತದೆ, ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿದು ಎಂಜಿನ್ ಟಕಟಕ ಅನ್ನುವುದು) ಶುರುವಾಗುತ್ತದೆ.

ಲಾರಿ ದಾಟುವುದಕ್ಕೂ ಇದೇ ಮಾತು. 40ರಲ್ಲಿ ಮೂರನೇ ಗೇರಿಗೆ ಇಳಿದರೆ ಎಂಜಿನ್ 4700ರಲ್ಲಿರುತ್ತದೆ, 70 ಮುಟ್ಟುವಾಗ 8200. ಮಧ್ಯದಲ್ಲಿ ಗೇರ್ ಬದಲಿಸುವ ಕೆಲಸವೇ ಇಲ್ಲ.

ಹಲ್ಲಿನ ಆಟ

ಆದರೂ ಒಂದು ನ್ಯಾಯವಾದ ಬೇಡಿಕೆ ಉಳಿದಿತ್ತು. ಏರು ಒಂದೇ ಸಮ ಇಲ್ಲ, ಸ್ವಲ್ಪ ಏರಿ, ಸ್ವಲ್ಪ ಸಮನಾಗಿ, ಮತ್ತೆ ಏರುತ್ತದೆ. ನಾಲ್ಕು, ಐದು, ನಾಲ್ಕು, ಐದು ಅಂತ ಆಡಿಸುತ್ತಲೇ ಇರಬೇಕು. ಐದರಲ್ಲೇ ಹೋಗುವಂತಾದರೆ ಚೆನ್ನ. ಇಲ್ಲಿ ಸ್ಪ್ರಾಕೆಟ್ ಬದಲಿಸುವುದಕ್ಕೆ ಅರ್ಥ ಇದೆ.

ಮುಂದಿನ 14 ಹಲ್ಲನ್ನು 13 ಮಾಡಿದರೆ ಅನುಪಾತ 3.0ರಿಂದ 3.23ಕ್ಕೆ ಹೋಗುತ್ತದೆ. ಪ್ರತಿ ಗೇರಿನಲ್ಲೂ ಎಳೆತ ಶೇಕಡಾ 7.7 ಜಾಸ್ತಿ. ಇದರಿಂದ ಎಂಜಿನ್ನಿಗೆ ಹೊಸ ಶಕ್ತಿಯೇನೂ ಬರುವುದಿಲ್ಲ, ಇರುವುದನ್ನು ಬೇರೆ ಲೆಕ್ಕದಲ್ಲಿ ಹಂಚುತ್ತದೆ. 60ರಲ್ಲಿ ಎಂಜಿನ್ 5160ಕ್ಕೆ ಬರುತ್ತದೆ. ಅಲ್ಲಿ ಟಾರ್ಕೂ ಸ್ವಲ್ಪ ಜಾಸ್ತಿ. ಎರಡೂ ಸೇರಿ ನೆಲಕ್ಕೆ 328 ನ್ಯೂಟನ್. ಬೇಕಾದದ್ದು 316. ಸಾಕು.

ಹಳೆಯ ಚೈನನ್ನು ಆಗಲೇ ತೆಗೆಯದೆ ಇಟ್ಟುಕೊಂಡದ್ದು ಈ ಪರೀಕ್ಷೆಗೆ. ತೀರಾ ಕಚ್ಚಿದ ಕೊಂಡಿಗಳನ್ನು ಎಣ್ಣೆ ಹಾಕಿ ಆಡಿಸಿ, ಮುಂದಕ್ಕೆ ಒಂದು 13 ಹಲ್ಲಿನದ್ದನ್ನು ಸಿಕ್ಕಿಸಿದೆವು. ಇದು ಅಗ್ಗದ ಸಾಮಾನು. ಕವರ್ ಬಿಚ್ಚಿ ಎರಡು ಬೋಲ್ಟ್ ತೆಗೆದರೆ ಬದಲಾಗುತ್ತದೆ, ಇಷ್ಟ ಆಗದಿದ್ದರೆ ಹಳೆಯದನ್ನು ಮತ್ತೆ ಹಾಕಬಹುದು. ಹೊಸ ಚೈನ್ ಸೆಟ್ಟಿಗೆ ದುಡ್ಡು ಕೊಡುವ ಮುಂಚೆ ಯಾವ ಅನುಪಾತ ಬೇಕು ಅಂತ ಗೊತ್ತಾಗಬೇಕಲ್ವಾ? ಆದರೆ ಸವೆದ ಚೈನಿನ ಮೇಲೆ ಹೊಸ ಸ್ಪ್ರಾಕೆಟ್ ಹಾಕಿ ಹಾಗೇ ತಿಂಗಳುಗಟ್ಟಲೆ ಓಡಿಸಬಾರದು. ಹೊಸ ಹಲ್ಲನ್ನೂ ಅದು ಬೇಗ ತಿಂದುಹಾಕುತ್ತದೆ.

ಏರಿನಲ್ಲಿ ಐದನೇ ಗೇರ್ 60ಕ್ಕೆ ನಿಂತಿತು. ಅದೇ ರಸ್ತೆಯಲ್ಲಿ 40ರಿಂದ 70ಕ್ಕೆ ಒಂಬತ್ತೂವರೆ ಸೆಕೆಂಡ್ ಬಂತು.

ಬೆಲೆ ಇಲ್ಲದೆ ಬರಲಿಲ್ಲ. 80ರಲ್ಲಿ ಮೊದಲು 6400 ತಿರುಗುತ್ತಿದ್ದ ಎಂಜಿನ್ ಈಗ 6900 ತಿರುಗುತ್ತದೆ. ಕನ್ನಡಿ ನಡುಗುತ್ತದೆ, ಪೆಟ್ರೋಲು ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಮೊದಲ ಗೇರ್ ಬೇಗ ಮುಗಿದುಹೋಗುತ್ತದೆ. 8500 ಆರ್‌ಪಿಎಂಗೆ ಮೊದಲು 106 ಕಿಮೀ ಬರುತ್ತಿತ್ತು, ಈಗ 99. ಆ ವೇಗ ಅವನಿಗೆ ಬೇಕೇ ಇರಲಿಲ್ಲ. ಸ್ಪೀಡೋಮೀಟರ್ ಕೇಬಲ್ ಈ ಗಾಡಿಯಲ್ಲಿ ಮುಂದಿನ ಚಕ್ರದಿಂದ ಬರುತ್ತದೆ, ಹಾಗಾಗಿ ಅದು ಕೆಡಲಿಲ್ಲ. ಗೇರ್ ಬಾಕ್ಸಿನಿಂದ ವೇಗ ಓದುವ ಗಾಡಿಗಳಲ್ಲಿ ಮೀಟರ್ ಶೇಕಡಾ 7.7 ಜಾಸ್ತಿ ತೋರಿಸುತ್ತದೆ, ಓಡಿದ ಕಿಲೋಮೀಟರೂ ತಪ್ಪಾಗುತ್ತದೆ.

ಅನುಪಾತ ಒಪ್ಪಿಗೆಯಾದ ಮೇಲೆ ಪೂರ್ತಿ ಸೆಟ್ ತರಿಸುವಾಗ 13/42 ಬದಲು 14/45 ಹಾಕಿಸಿದೆವು. ಅನುಪಾತ 3.21, ಹೆಚ್ಚುಕಮ್ಮಿ ಅದೇ. ಮುಂದೆ ಒಂದು ಹಲ್ಲು ಕಡಿಮೆ ಮಾಡುವುದೂ ಹಿಂದೆ ಮೂರು ಹಲ್ಲು ಹೆಚ್ಚಿಸುವುದೂ ಒಂದೇ ಲೆಕ್ಕ. ಆದರೆ ಚಿಕ್ಕ ಸ್ಪ್ರಾಕೆಟ್ಟಿನ ಸುತ್ತ ಚೈನ್ ಜಾಸ್ತಿ ಮಡಚಬೇಕು, ಬೇಗ ಸವೆಯುತ್ತದೆ, ಹಿಂದಿನ ಚಕ್ರ ಹಿಡಿದ ತೋಳಿನ (ಸ್ವಿಂಗ್ ಆರ್ಮ್) ಮೇಲಿನ ರಬ್ಬರಿಗೂ ಹೆಚ್ಚು ಉಜ್ಜುತ್ತದೆ. ಹಿಂದೆ ದೊಡ್ಡದು ಹಾಕಿದರೆ ಈ ತೊಂದರೆ ಇಲ್ಲ. ಬದಲಿಗೆ ಚೈನ್ ಉದ್ದದ ಲೆಕ್ಕ ಬರುತ್ತದೆ. ಮೂರು ಹಲ್ಲು ಹೆಚ್ಚಾದರೆ ಒಂದೂವರೆ ಕೊಂಡಿಯಷ್ಟು ಚೈನ್ ಬೇಕು. ಚೈನನ್ನು ಎರಡೆರಡು ಕೊಂಡಿಯಾಗಿಯೇ ಕೂಡಿಸಬೇಕು. 12.7 ಮಿಮೀ ಅಂತರದ ಚೈನಿನಲ್ಲಿ ಎರಡು ಕೊಂಡಿ ಸೇರಿಸಿದರೆ ಚಕ್ರ ಮೂರು ಮಿಮೀಯಷ್ಟು ಹಿಂದೆ ಸರಿಯುತ್ತದೆ. ಆಕ್ಸಲ್ ಜಾರುವ ಗಾಡಿಯಲ್ಲಿ ಅಷ್ಟು ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು. ಚೈನ್ ಕವರಿಗೆ ದೊಡ್ಡ ಸ್ಪ್ರಾಕೆಟ್ ತಾಗುತ್ತದಾ ಅಂತಲೂ.

ಪಟ್ಟಿಯಲ್ಲಿದ್ದ ಉಳಿದವು

ಇರಿಡಿಯಂ ಪ್ಲಗ್: ಹೆಚ್ಚು ದಿನ ಬಾಳುತ್ತದೆ, ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು. ಸವೆದ ಪ್ಲಗ್ ತೆಗೆದು ಹಾಕಿದವರಿಗೆ ಪಿಕಪ್ ಬಂದ ಹಾಗೆ ಅನಿಸುತ್ತದೆ. ಅದು ಹೊಸ ಪ್ಲಗ್ಗಿನ ಗುಣ, ಇರಿಡಿಯಂನದಲ್ಲ.

ಸಿಡಿಐ: ಬೇಡ. 9500ರ ಮಿತಿಯನ್ನು 10500ಕ್ಕೆ ಎತ್ತಿದರೆ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆದಾಟ ಶೇಕಡಾ 22 ಏರುತ್ತದೆ, ಯಾಕಂದರೆ ಅದು ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವಾಲ್ವ್ ಸ್ಪ್ರಿಂಗ್ ಅಷ್ಟು ಬೇಗ ವಾಪಸ್ ಬರಲ್ಲ. ಶಕ್ತಿ 8500ರಲ್ಲೇ ತುದಿ ಮುಟ್ಟಿ ಇಳಿಯುತ್ತಿರುವಾಗ ಅದರಾಚೆ ತಿರುಗಿಸಿ ಸಿಗೋದು ಸದ್ದು ಮಾತ್ರ.

ಕೋನ್ ಫಿಲ್ಟರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕಂದರೆ ಇದರಿಂದ ಕೆಟ್ಟ ಗಾಡಿಗಳೇ ಜಾಸ್ತಿ. ಏರ್ ಬಾಕ್ಸ್ ಅಂದರೆ ಸುಮ್ನೆ ಒಂದು ಪ್ಲಾಸ್ಟಿಕ್ ಡಬ್ಬ ಅಂತ ಅಂದುಕೊಳ್ಳುತ್ತೇವೆ. ಒಳಗೆ ಗಾಳಿ ಅಲೆಅಲೆಯಾಗಿ ಓಡಾಡುತ್ತದೆ. ಮಧ್ಯದ ಆರ್‌ಪಿಎಂನಲ್ಲಿ ಸಿಲಿಂಡರ್ ಚೆನ್ನಾಗಿ ತುಂಬಲಿ ಅಂತಲೇ ಆ ಡಬ್ಬದ ಗಾತ್ರ, ಕೊಳವೆಯ ಉದ್ದ ಎಲ್ಲ ನಿಗದಿ ಮಾಡಿರುತ್ತಾರೆ. ಅದನ್ನು ಕಿತ್ತರೆ ಮೊದಲು ಸಾಯುವುದು ಇವನಿಗೆ ಬೇಕಾದ 4000ದಿಂದ 6500ರ ಎಳೆತವೇ. ಮೇಲಿಂದ ಎಂಜಿನ್ನಿನ ಬಿಸಿ ಗಾಳಿಯನ್ನೇ ಅದು ಕುಡಿಯುತ್ತದೆ, ಮಳೆಗಾಲದಲ್ಲಿ ನೀರನ್ನೂ. ಈ ಗಾಡಿಯ ಕಾರ್ಬುರೇಟರಿನ ಸ್ಲೈಡ್ ಒತ್ತಡದ ವ್ಯತ್ಯಾಸದಿಂದ ಏಳುತ್ತದೆ. ಅಂಥದ್ದಕ್ಕೆ ಡಬ್ಬ ಇಲ್ಲದಿದ್ದರೆ ಥ್ರಾಟಲ್ ತೆರೆದ ಕೂಡಲೇ ಒಂದು ತೂಕಡಿಕೆ ಬರುತ್ತದೆ.

"ಜೆಟ್ ಬದಲಿಸಿದರೆ ಸರಿ ಹೋಗುತ್ತೆ ಅಂತಾರಲ್ಲ?" ಅಂದ. ಎಲ್ಲರೂ ಬದಲಿಸುವುದು ಮೇನ್ ಜೆಟ್. ಅದು ಕೆಲಸ ಮಾಡುವುದು ಥ್ರಾಟಲ್ ಮುಕ್ಕಾಲು ಭಾಗ ದಾಟಿದ ಮೇಲೆ. ಶುರುವಿನಲ್ಲಿ ಪೈಲಟ್ ಜೆಟ್, ಮಧ್ಯದಲ್ಲಿ ಸೂಜಿ. ಮೇನ್ ಜೆಟ್ ಮಾತ್ರ ದೊಡ್ಡದು ಹಾಕಿದರೆ ಪೂರ್ತಿ ಥ್ರಾಟಲ್‌ನಲ್ಲಿ ಸರಿ, ದಿನಾ ಓಡಿಸುವ ಅರ್ಧ ಥ್ರಾಟಲ್‌ನಲ್ಲಿ ಪೆಟ್ರೋಲ್ ಕಡಿಮೆಯಾಗಿಯೇ ಉಳಿಯುತ್ತದೆ. ಗಾಳಿ ತಣಿಸುವ ಎಂಜಿನ್ನಿಗೆ ಅದು ಬಿಸಿ ಏರಿಸುವ ದಾರಿ. ಇಂಜೆಕ್ಷನ್ ಇರುವ ಗಾಡಿಗಳಲ್ಲಿ ಕಂಪ್ಯೂಟರ್ ತಾನೇ ಸರಿ ಮಾಡಿಕೊಳ್ಳುತ್ತದೆ ಅಂತಾರೆ. ಸೆನ್ಸರ್ ನೋಡಿ ಗಾಳಿ, ಪೆಟ್ರೋಲನ್ನು 14.7ಕ್ಕೆ 1ರ ಮಿಶ್ರಣಕ್ಕೆ ತರುವುದು ಥ್ರಾಟಲ್ ಕಡಿಮೆ ಇರುವ ಸಮ ಓಟದಲ್ಲಿ ಮಾತ್ರ. ಪೂರ್ತಿ ಥ್ರಾಟಲ್‌ನಲ್ಲಿ ಅದು ಸೆನ್ಸರ್ ಕಡೆ ನೋಡದೆ, ಮೊದಲೇ ಬರೆದಿಟ್ಟ ಲೆಕ್ಕವನ್ನೇ ಅನುಸರಿಸುತ್ತದೆ.

ಸೈಲೆನ್ಸರ್ ಬಗ್ಗೆ ಅವನಿಗೆ ಆಸೆ ಬಿಟ್ಟಿರಲಿಲ್ಲ. ಒಂದು ಲೆಕ್ಕ ತೋರಿಸಿದೆ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸೈಲೆನ್ಸರ್, ಜೆಟ್ಟು, ಟ್ಯೂನಿಂಗ್ ಎಲ್ಲ ಅದ್ಭುತವಾಗಿ ಕೂಡಿಬಂದು ಹೆಚ್‌ಪಿ ಶೇಕಡಾ 10 ಹೆಚ್ಚಾಯಿತು ಅಂತಲೇ ಇಟ್ಟುಕೊಳ್ಳೋಣ. ಟಾಪ್ ಸ್ಪೀಡ್ ಏರುವುದು ಶೇಕಡಾ 3. 106 ಇದ್ದದ್ದು 109. ಸದ್ದು ಜಾಸ್ತಿಯಾದಾಗ ಗಾಡಿ ಹಾರುತ್ತಿದೆ ಅನಿಸುತ್ತದೆ. ಜಿಪಿಎಸ್ ಹಿಡಿದರೆ ಗೊತ್ತಾಗುತ್ತದೆ. ಶಬ್ದದ ಮಿತಿ, ಹೊಗೆಯ ನಿಯಮ, ಒಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದರೆ ಆಗುವ ತಕರಾರು ಇವೆಲ್ಲ ಬೇರೆ. ಬರೀ ಸದ್ದಿಗಾಗಿ ಬೇಕು ಅಂದರೆ ಅದು ಇಷ್ಟದ ಮಾತು, ನನ್ನದೇನೂ ಅಡ್ಡಿಯಿಲ್ಲ. ಪಿಕಪ್ ಹೆಸರಲ್ಲಿ ಬೇಡ.

ಬೋರ್ ಕಿಟ್

ಪಟ್ಟಿಯಲ್ಲಿ ಏರಿಗೆ ನಿಜವಾಗಿ ಉತ್ತರ ಕೊಡುವ ಸಾಮಾನು ಇದೊಂದೇ. ಅದನ್ನು ಒಪ್ಪಿಕೊಳ್ಳಬೇಕು. ಈಗಿರುವುದು 57 ಮಿಮೀ ಬೋರ್, 58.6 ಮಿಮೀ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ), 149.5 ಸಿಸಿ. ಬೋರ್ 62 ಮಾಡಿದರೆ 177 ಸಿಸಿ. ಶೇಕಡಾ 18 ಜಾಸ್ತಿ. ಕೆಳಗಿನ ಮತ್ತು ಮಧ್ಯದ ಆರ್‌ಪಿಎಂನಲ್ಲಿ ಟಾರ್ಕ್ ಕೂಡ ಹತ್ತಿರ ಹತ್ತಿರ ಅಷ್ಟೇ ಏರಬಹುದು. ವಾಲ್ವ್ ಅವೇ ಇರುವುದರಿಂದ ಮೇಲಿನ ಆರ್‌ಪಿಎಂನಲ್ಲಿ ಲಾಭ ಕಮ್ಮಿ. ಇವನಿಗೆ ಬೇಕಾದದ್ದು ಮಧ್ಯದಲ್ಲೇ.

ಹಾಗಾದರೆ ಯಾಕೆ ಬೇಡ ಅಂದೆ? ಮೊದಲನೆಯದು ಕಂಪ್ರೆಷನ್. ಈಗ 9.5ಕ್ಕೆ 1. ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 17.6 ಸಿಸಿ. ಹೆಡ್ ಅದೇ ಇಟ್ಟುಕೊಂಡು, ಅದೇ ಆಕಾರದ ಪಿಸ್ಟನ್ ಹಾಕಿದರೆ 177 ಸಿಸಿ ಗಾಳಿಯನ್ನು ಹೆಚ್ಚುಕಮ್ಮಿ ಅದೇ 17.6ಕ್ಕೆ ಒತ್ತಬೇಕು. ಅನುಪಾತ 11ಕ್ಕೆ ಹೋಗುತ್ತದೆ. ನೀರಿಲ್ಲದ, ಬರೀ ಫಿನ್ನುಗಳಿರುವ ಎಂಜಿನ್, ಇಬ್ಬರ ಭಾರ, ಏರು, ಪೂರ್ತಿ ಥ್ರಾಟಲ್. ನಾಕಿಂಗ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಕಿಟ್ ಮಾರುವವನು ಪಿಸ್ಟನ್ ತಲೆಯನ್ನು ತಗ್ಗಿಸಿ ಇದನ್ನು ಸರಿದೂಗಿಸಿದ್ದಾನಾ? ಕೇಳಬೇಕಾದ ಮೊದಲ ಪ್ರಶ್ನೆ ಇದು. ಹುಡುಗ ಕೇಳಿದ. ಉತ್ತರ ಬರಲಿಲ್ಲ.

ಎರಡನೆಯದು, ಹೆಚ್ಚು ಸುಡುವ ಪೆಟ್ರೋಲಿನ ಬಿಸಿಯನ್ನು ಹೊರಹಾಕುವ ಫಿನ್ನು, ಆಯಿಲ್ ಪಂಪು, ಕ್ಲಚ್ ಪ್ಲೇಟು, ಕ್ರ್ಯಾಂಕ್ ಬೇರಿಂಗು ಎಲ್ಲ 150ಕ್ಕೆ ಮಾಡಿದವೇ. ಮೂರನೆಯದು ಕಾಗದಪತ್ರ. ಗಾಡಿಯ ದಾಖಲೆಯಲ್ಲಿ ಬರೆದ ಸಿಸಿ ಒಂದು, ಒಳಗಿರುವುದು ಇನ್ನೊಂದು ಅಂತಾದರೆ ಅಪಘಾತವಾದ ದಿನ ಇನ್ಶೂರೆನ್ಸ್ ಕಂಪನಿಗೆ ಬೇರೆ ನೆಪವೇ ಬೇಡ. ಹಿಂದೆ ಕೂರುವವಳು ತಂಗಿ. 22 ನ್ಯೂಟನ್ ಕೊರತೆಗೆ ಇಷ್ಟೆಲ್ಲ ಮೈಮೇಲೆ ಎಳೆದುಕೊಳ್ಳುವುದು ಯಾಕೆ?

ಉಳಿದ ದುಡ್ಡು ಎಲ್ಲಿ ಹೋಯಿತು

ಹಿಂದಿನ ಟೈರಿನ ಬದಿಯಲ್ಲಿ ನಾಲ್ಕಂಕಿಯ ಸಂಖ್ಯೆ ಹುಡುಕಿದೆವು. 2318 ಅಂತಿದ್ದರೆ 2018ರ 23ನೇ ವಾರ ಅಂತ ಅರ್ಥ. ಇವನದ್ದು ಹಳೆಯ ಟೈರ್. ಟೈರಿನ ಗೆರೆಗಳು ಇನ್ನೂ ಉಳಿದಿದ್ದವು, ಆದರೆ ರಬ್ಬರ್ ಗಟ್ಟಿಯಾಗಿ ಬದಿಯಲ್ಲಿ ಸಣ್ಣ ಬಿರುಕು. ಅದೇ ಅಳತೆಯ, ಸ್ವಲ್ಪ ಮೆದು ರಬ್ಬರಿನದ್ದು ಬಂತು. ದಪ್ಪದ್ದು ಬೇಡ ಅಂದೆ. ಅಗಲ ಕಡಿಮೆ ಇರುವ ರಿಮ್ಮಿನ ಮೇಲೆ ದಪ್ಪ ಟೈರ್ ಹಾಕಿದರೆ ಅದು ಗುಂಡಗೆ ಉಬ್ಬುತ್ತದೆ, ತಿರುವಿನಲ್ಲಿ ಹಿಡಿತದ ರೀತಿ ಬದಲಾಗುತ್ತದೆ, ತೂಕವೂ ಏರುತ್ತದೆ. 14 ಹೆಚ್‌ಪಿ ಎಂಜಿನ್ ಆ ತೂಕವನ್ನೂ ತಿರುಗಿಸಬೇಕು.

ಮುಂದಿನ ಡಿಸ್ಕಿನ ಬ್ರೇಕ್ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ. ತೇವ ಎಳೆದುಕೊಂಡ ಮೇಲಿನ ಮಿತಿ 155 ಡಿಗ್ರಿ. ಏರು ಇದ್ದ ಮೇಲೆ ಇಳಿಜಾರೂ ಇದೆ, ಇಬ್ಬರ ಭಾರದಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಯಬೇಕು. ಕುದ್ದರೆ ಲಿವರ್ ಮೆತ್ತಗೆ ಒಳಗೆ ಹೋಗುತ್ತದೆ. ಆಯಿಲ್ ಬದಲಿಸಿ, ಗಾಜಿನಂತಾದ ಪ್ಯಾಡ್ ತೆಗೆದು ಹೊಸದು ಹಾಕಿದೆವು. 60ರಲ್ಲಿ ಹೋಗುತ್ತಿದ್ದಾಗ ಬ್ರೇಕ್ ಹಿಡಿದರೆ ಪ್ರತಿ ಸೆಕೆಂಡಿಗೂ ಇಳಿಯುವ ವೇಗ, ಸೆಕೆಂಡಿಗೆ 5 ಮೀಟರ್ ಇದ್ದದ್ದು 6 ಮೀಟರಿಗೆ ಏರಿದರೆ ನಿಲ್ಲುವ ದೂರ 28 ಮೀಟರಿನಿಂದ 23ಕ್ಕೆ ಇಳಿಯುತ್ತದೆ. ಲಾರಿ ದಾಟಲು ಹೊರಟವನಿಗೆ ಆ ಐದು ಮೀಟರ್ ಯಾವ ಸೈಲೆನ್ಸರೂ ಕೊಡಲ್ಲ. ಮುಂದಿನ ಶಾಕ್‌ನ ಒಳಗಿನ ಫೋರ್ಕ್ ಆಯಿಲ್ ಕೂಡ ಅದೇ ಸಲ ಬದಲಾಯಿತು.

ಇದೇ ಲೆಕ್ಕ ಬೇರೆ ಸವಾರನಿಗೆ ಬೇರೆ ಉತ್ತರ ಕೊಡುತ್ತದೆ. ಒಬ್ಬನೇ, ಸಮತಟ್ಟಾದ ಉದ್ದ ರಸ್ತೆಯಲ್ಲಿ ಗಂಟೆಗಟ್ಟಲೆ 80ರಲ್ಲಿ ಹೋಗುವವನಾಗಿದ್ದರೆ ನಾನು ಮುಂದಕ್ಕೆ 15 ಹಲ್ಲು ಹಾಕಿ ನೋಡು ಅನ್ನುತ್ತಿದ್ದೆ. 80ರಲ್ಲಿ ಎಂಜಿನ್ 6400ರಿಂದ 6000ಕ್ಕೆ ಇಳಿಯುತ್ತದೆ, ಕೈ ಜೋಮು ಹಿಡಿಯುವುದು ಕಡಿಮೆಯಾಗುತ್ತದೆ. ಎದುರು ಗಾಳಿ ಬಂದರೆ ಮಾತ್ರ ಐದನೇ ಗೇರ್ ಸೋಲುತ್ತದೆ. ಟ್ರ್ಯಾಕಿನಲ್ಲಿ ಓಡಿಸುವವನಿಗೆ ಮೇಲಿನ ಆರ್‌ಪಿಎಂನ ಒಂದು ಹೆಚ್‌ಪಿಯೂ ಲೆಕ್ಕಕ್ಕೆ ಬರುತ್ತದೆ. ಅವನು ಸೈಲೆನ್ಸರ್, ಜೆಟ್, ಸೂಜಿ ಎಲ್ಲವನ್ನೂ ಒಟ್ಟಿಗೆ ಕೂರಿಸಿ ಟ್ಯೂನ್ ಮಾಡಿಸಲಿ.

ಈ ಹುಡುಗನ ಗಾಡಿ ಈಗ 14/45ರಲ್ಲಿ ಓಡುತ್ತಿದೆ. ಏರಿನಲ್ಲಿ ತೊಂದರೆ ಇಲ್ಲ. 80ರ ನಡುಕ ಮಾತ್ರ ಅವನಿಗೆ ಹಿಡಿಸಿಲ್ಲ, ಹ್ಯಾಂಡಲ್ ತುದಿಗೆ ಭಾರ ಹಾಕಿಸಿದರೂ ಪೂರ್ತಿ ಹೋಗಿಲ್ಲ. ನಡುವಿನ ದಾರಿ 14/44. ಅದರ ಲೆಕ್ಕ ಹಾಕಿದರೆ ಏರಿನಲ್ಲಿ ನೆಲಕ್ಕೆ 315 ನ್ಯೂಟನ್ ಸಿಗುತ್ತದೆ, ಬೇಕಾದದ್ದು 316. ತೀರಾ ಅಂಚಿನಲ್ಲಿ ನಿಲ್ಲುತ್ತದೆ, ಸ್ವಲ್ಪ ಎದುರು ಗಾಳಿ ಬಂದರೂ ನಾಲ್ಕಕ್ಕೆ ಇಳಿಸಬೇಕು. "ಗೇರ್ ಇಳಿಸೋದು ಈಗ ಅಭ್ಯಾಸ ಆಗಿದೆ ಬಿಡಣ್ಣ" ಅನ್ನುತ್ತಾನೆ. ಈ ಚೈನ್ ಸೆಟ್ ಸವೆದ ಮೇಲೆ 44 ಹಾಕಿಸುವ ಯೋಚನೆಯಲ್ಲಿದ್ದಾನೆ.